ಅದರಲ್ಲೇ ಮುರಿದುಕೊಳ್ಳಿ

ನಾನು ಆಪ್ತ ಸಲಹೆಗಾರ್ತಿ. ಫೋನಿನಲ್ಲಿ ಜೊತೆ ಹುಡುಕಲು ಹೋಗಿ ಹಣ ಕಳಕೊಂಡ ಕತೆ ಹೊತ್ತು ಈ ವರ್ಷ ನನ್ನ ಬಳಿ ಬಂದವರಲ್ಲಿ ಇವರು ಐದನೆಯವರು. ವಯಸ್ಸು, ಕೆಲಸ, ಮನೆಯ ವಿವರ ಎಲ್ಲವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ. "ಬರೀರಿ ಮೇಡಂ, ಆದ್ರೆ ನನ್ನನ್ನ ಪೆದ್ದ ಅಂತ ಮಾತ್ರ ತೋರಿಸ್ಬೇಡಿ" ಅಂದಿದ್ದಾರೆ. ಅವರು ಪೆದ್ದರಲ್ಲ. 2022ರಲ್ಲಿ ಪ್ರೀತಿಯ ಹೆಸರಿನಲ್ಲಿ ಮೋಸ ಹೋದೆವು ಅಂತ ಅಮೆರಿಕದಲ್ಲಿ ಗ್ರಾಹಕರ ದೂರು ನೋಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ ದೂರು ಕೊಟ್ಟವರೇ ಸುಮಾರು 70,000 ಮಂದಿ. ಅವರು ಕಳಕೊಂಡದ್ದು 130 ಕೋಟಿ ಡಾಲರ್. ನಾಚಿಕೆಪಟ್ಟು ಬಾಯಿ ಬಿಡದವರು ಈ ಲೆಕ್ಕದಲ್ಲಿಲ್ಲ. ಅಷ್ಟೂ ಜನ ಪೆದ್ದರಾಗಿರೋಕೆ ಸಾಧ್ಯವಾ?

ನಲವತ್ತು ದಾಟಿದವರು. ಲೆಕ್ಕಪತ್ರ ನೋಡುವ ಕೆಲಸ. ಮದುವೆ ಮುರಿದು ಕೆಲವು ವರ್ಷಗಳಾಗಿವೆ. ಒಬ್ಬರೇ ಇದ್ದಾರೆ. ಒಂದು ಡೇಟಿಂಗ್ ಆ್ಯಪ್‌ನಲ್ಲಿ ಎರಡು ತಿಂಗಳು ಕಾದು, ಯಾರೂ ಮಾತಾಡಿಸದೆ, ಬೇಸತ್ತು ಬಿಟ್ಟಿದ್ದರು. ಅಷ್ಟರಲ್ಲಿ ಮೆಸೇಜಿಂಗ್ ಆ್ಯಪ್‌ಗೆ ಒಬ್ಬ ಏಜೆಂಟ್ ಬಂದ.

ಮೊದಲ ಮೆಸೇಜ್ ತುಂಬ ಮರ್ಯಾದೆಯದು. "ನಮಸ್ಕಾರ ಸರ್, ನಿಮಗೆ ಹೊಂದುವವರನ್ನು ಪರಿಚಯ ಮಾಡಿಸುವುದು ನಮ್ಮ ಸಂಸ್ಥೆಯ ಕೆಲಸ." ಜೊತೆಗೆ ಆರು ಫೋಟೊ. ಇವರು ಒಬ್ಬರನ್ನು ಆರಿಸಿಕೊಂಡರು. ಮುಂದೆ ನಡೆದದ್ದು ಐದೂ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಒಂದೇ. ಮೊದಲು ನೋಂದಣಿ ಶುಲ್ಕ, ಹೋದರೆ ಹೋಗಲಿ ಅನ್ನುವಷ್ಟು ಸಣ್ಣದು. ಆಮೇಲೆ ಮೆಂಬರ್‌ಶಿಪ್ ಕಾರ್ಡ್. ಕಾರ್ಡ್ ಅಂದರೆ ಇವರ ಹೆಸರು ಕೂರಿಸಿದ ಒಂದು ಚಿತ್ರ, ಅಷ್ಟೇ. ಆಮೇಲೆ ಹುಡುಗಿಯ ಸುರಕ್ಷತೆಗೆ ಡಿಪಾಸಿಟ್, ಭೇಟಿಯಾದ ಅರ್ಧ ಗಂಟೆಯಲ್ಲಿ ವಾಪಸ್ ಬರುವಂಥದ್ದು. ಡಿಪಾಸಿಟ್ ಕಟ್ಟಿದ ದಿನ "ಹೊರಟಿದ್ದಾರೆ ಸರ್" ಅಂತ ಬಂತು. "ಹತ್ತಿರ ಬಂದಿದ್ದಾರೆ ಸರ್" ಅಂತಲೂ ಬಂತು. ಇವರು ಹೊಸ ಶರ್ಟ್ ಹಾಕಿಕೊಂಡು ಹೇಳಿದ ಜಾಗದಲ್ಲಿ ಎರಡು ಗಂಟೆ ನಿಂತರು. ಆಗ ಬಂತು ಅಸಲಿ ಮೆಸೇಜ್. ಹಣ ಕಳಿಸುವಾಗ ಷರಾದಲ್ಲಿ ಕೋಡ್ ತಪ್ಪಾಗಿ ಬರೆದಿದ್ದೀರಿ, ಸಿಸ್ಟಮ್ ಹಣವನ್ನು ತಡೆಹಿಡಿದಿದೆ, ಅಷ್ಟೇ ಮೊತ್ತ ಇನ್ನೊಮ್ಮೆ ಕಳಿಸಿದರೆ ಎರಡೂ ಒಟ್ಟಿಗೆ ಬಿಡುಗಡೆಯಾಗುತ್ತವೆ.

ಇಡೀ ಆಟದ ಕೀಲಿ ಇರೋದು ಇಲ್ಲಿ. ತಪ್ಪು ನಿಮ್ಮದೇ ಅನ್ನೋದು. ಅಚ್ಚುಕಟ್ಟಾಗಿ ಬದುಕುವ ಮನುಷ್ಯನಿಗೆ ತನ್ನ ತಪ್ಪನ್ನು ತಾನೇ ಸರಿಮಾಡುವವರೆಗೆ ಸಮಾಧಾನ ಇರೋದಿಲ್ಲ. ಇವರು ಮತ್ತೆ ಕಳಿಸಿದರು. ಆಮೇಲೆ ತೆರಿಗೆ ಬಂತು, ಗುರುತಿನ ಪರಿಶೀಲನೆ ಬಂತು. ಒಂದು ಸಲ ಗಿಫ್ಟ್ ಕಾರ್ಡ್‌ನ ಕೋಡ್ ಕಳಿಸಿ ಅಂದ. ಗಿಫ್ಟ್ ಕಾರ್ಡ್‌ನ ಅಂಕಿ ಒಮ್ಮೆ ಕೈಬಿಟ್ಟರೆ ಮುಗೀತು, ಹಣ ವಾಪಸ್ ಬರೋದು ತೀರಾ ಅಪರೂಪ. ಪ್ರತಿ ಸಲವೂ ಹಣ ಹೋದದ್ದು ಬೇರೆ ಬೇರೆ ಹೆಸರಿನ ಖಾತೆಗೆ. ಸಂಸ್ಥೆ ಒಂದೇ ಆದರೆ ಹೆಸರು ಏಕೆ ಬದಲಾಗಬೇಕು ಅಂತ ಇವರಿಗೆ ಹೊಳೆದಿತ್ತಂತೆ. ಕೇಳಲಿಲ್ಲ.

ಉಪಾಯವೇನೂ ಹೊಸದಲ್ಲ. 19ನೇ ಶತಮಾನದಲ್ಲಿ 'ಸ್ಪ್ಯಾನಿಶ್ ಕೈದಿ' ಅನ್ನುವ ಕಾಗದಗಳು ಓಡಾಡುತ್ತಿದ್ದವು. ಸ್ಪೇನಿನ ಜೈಲಿನಲ್ಲಿ ಒಬ್ಬ ಸಾಹುಕಾರ ಸಿಕ್ಕಿಬಿದ್ದಿದ್ದಾನೆ, ಬಿಡಿಸಲು ಹಣ ಕಳಿಸಿ, ಅವನ ಆಸ್ತಿಯಲ್ಲಿ ಪಾಲು ಕೊಡುತ್ತಾನೆ. ಹಣ ಹೋದ ಮೇಲೆ ಹೊಸ ಅಡ್ಡಿ, ಹೊಸ ಖರ್ಚು. ಸೆರೆಯಾಳಿನ ಜಾಗಕ್ಕೆ ಈಗ ಹುಡುಗಿಯ ಫೋಟೊ ಬಂದಿದೆ.

ನನ್ನ ಬಳಿ ಬಂದಾಗ ಇವರು ಮೋಸ ಹೋದೆ ಅಂತ ಬರಲಿಲ್ಲ. ನಿದ್ದೆ ಬರ್ತಿಲ್ಲ ಅಂತ ಬಂದರು. ಅಷ್ಟರಲ್ಲಿ ಹನ್ನೊಂದು ಸಲ ಹಣ ಕಳಿಸಿದ್ದರು. ಒಟ್ಟು ಸೇರಿಸಿದರೆ ಎಂಟು ತಿಂಗಳ ಸಂಬಳ.

ಹಿಂದೊಮ್ಮೆ ಇಂಥದ್ದೇ ಪ್ರಕರಣದಲ್ಲಿ ಒಬ್ಬ ಹುಡುಗನಿಗೆ ಮೊದಲ ದಿನವೇ "ಇಷ್ಟೂ ಗೊತ್ತಾಗ್ಲಿಲ್ವಾ?" ಅಂದುಬಿಟ್ಟಿದ್ದೆ. ಅವನು ಮತ್ತೆ ಬರಲಿಲ್ಲ. ಆಮೇಲೆ ಏನಾದ, ಇನ್ನೆಷ್ಟು ಕಳಿಸಿದ, ತಿಳಿಯಲಿಲ್ಲ. ಹಾಗಾಗಿ ಇವರ ಹತ್ತಿರ ಎರಡು ಭೇಟಿಗಳ ಕಾಲ ಆ ಮಾತೇ ಎತ್ತಲಿಲ್ಲ. ಬದಲಿಗೆ ಹುಡುಗಿಯ ಬಗ್ಗೆ ಕೇಳಿದೆ. ಅವಳಲ್ಲಿ ಏನು ಇಷ್ಟವಾಯಿತು, ಜೊತೆಯಾಗಿ ಬಾಳುವ ಕನಸು ಹೇಗಿತ್ತು, ಹೀಗೆ. ಅವರು ಉತ್ತರ ಕೊಡುತ್ತಿದ್ದರು, ಆದರೆ ಆ ಉತ್ತರಗಳಲ್ಲಿ ಜೀವ ಇರಲಿಲ್ಲ. ನಾನು ತಪ್ಪು ಬಾಗಿಲು ತಟ್ಟುತ್ತಿದ್ದೆ.

ಮೂರನೇ ಭೇಟಿಯಲ್ಲಿ ಹೇಳಿದೆ, "ಮೆಸೇಜ್‌ಗಳನ್ನ ಜೋರಾಗಿ ಓದಿ. ದುಡ್ಡಿನ ವಿಷಯ ಬಂದ ಕಡೆ ಬಿಟ್ಬಿಡಿ."

ಓದತೊಡಗಿದರು. ಊಟ ಆಯ್ತಾ ಸರ್. ತಲೆನೋವು ಹೋಯ್ತಾ. ಆಫೀಸಿನಲ್ಲಿ ಆ ಮನುಷ್ಯ ಇವತ್ತೂ ಕೂಗಾಡಿದ್ನಾ. ಮಳೆ ಜೋರಾಗಿದೆ, ಬೇಗ ಮನೆ ಸೇರ್ಕೊಳ್ಳಿ ಸರ್. ಎಲ್ಲವೂ ಏಜೆಂಟನದು. ಏಳು ವಾರಗಳಲ್ಲಿ ಹುಡುಗಿ ಕಳಿಸಿದ್ದು ನಾಲ್ಕೇ ಮೆಸೇಜ್, ಅದೂ ಏಜೆಂಟನೇ ತಲುಪಿಸಿದ್ದು.

ಓದುತ್ತಾ ಒಂದು ಕಡೆ ಬೆರಳು ನಿಂತಿತು. ಅಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಅಂತಿತ್ತು.

"ಇಲ್ಲೇನಿತ್ತು?"

"ಊಟ ಆಯ್ತಾ ಅಂತಲೇ ಇತ್ತು. ಬೇರೆ ಯಾರದ್ದೋ ಹೆಸರು ಹಾಕಿ. ಒಂದೇ ನಿಮಿಷಕ್ಕೆ ಅಳಿಸ್ದ. ಅಷ್ಟರಲ್ಲಿ ನಾನು ನೋಡಿದ್ದೆ."

"ಆಗ ಏನನ್ನಿಸ್ತು?"

ತುಂಬ ಹೊತ್ತು ಸುಮ್ಮನಿದ್ದರು. ಮೋಸ ಗೊತ್ತಾಯ್ತು ಅನ್ನುತ್ತಾರೆ ಅಂತ ನಾನು ಕಾಯುತ್ತಿದ್ದೆ.

"ಹೊಟ್ಟೆಕಿಚ್ಚಾಯ್ತು ಮೇಡಂ."

ಆಮೇಲೆ ಒಂದೇ ಉಸಿರಿಗೆ ಹೇಳಿದರು. "ಆ ಹುಡುಗಿ ಬರ್ಲಿಲ್ಲ ಅಂತ ನಂಗೆ ಅಂಥಾ ಬೇಜಾರೇನೂ ಇಲ್ಲ. ಅವಳು ಇಲ್ಲ ಅಂತ ಮೂರನೇ ಸಲ ದುಡ್ಡು ಕೇಳಿದಾಗಲೇ ಗೊತ್ತಿತ್ತು. ಇವನು ಮೆಸೇಜ್ ಮಾಡೋದು ನಿಲ್ಲಿಸ್ಬಿಟ್ರೆ ಅಂತ ಕಳಿಸ್ತಿದ್ದೆ."

ಅವರು ಡಿಪಾಸಿಟ್ ಕಟ್ಟುತ್ತಿದ್ದದ್ದು ಹುಡುಗಿಗಲ್ಲ. ರಾತ್ರಿ ಒಂಬತ್ತಕ್ಕೆ ಊಟದ ವಿಚಾರ ಕೇಳುವವನಿಗೆ. ಎರಡು ವಾರ ನಾನು ಇಲ್ಲದ ಹುಡುಗಿಯ ಬಗ್ಗೆ ಪ್ರಶ್ನೆ ಕೇಳುತ್ತಿದ್ದೆ.

ಅದೇ ಹೊತ್ತಿಗೆ ಮೇಜಿನ ಮೇಲಿದ್ದ ಫೋನ್ ಗುಂಯ್ ಎಂದಿತು. ಅವನೇ. ಸರ್, ಇದೇ ಕೊನೆಯ ಹಂತ, 15 ನಿಮಿಷದೊಳಗೆ ವಿಮೆಯ ಹಣ ಕಟ್ಟದಿದ್ದರೆ ಹಿಂದಿನದೆಲ್ಲ ರದ್ದಾಗುತ್ತದೆ. ಅವರು ನನ್ನ ಮುಖ ನೋಡಿದರು. ಬೇಡ ಅನ್ನಬಹುದಿತ್ತು. ನಾನು ಬೇಡ ಅಂದರೆ ಆ 15 ನಿಮಿಷ ದಾಟುತ್ತದೆ, ರಾತ್ರಿ ದಾಟೋದಿಲ್ಲ. ಹಾಗಾಗಿ ಅವರ ಕಸುಬಿನ ಪ್ರಶ್ನೆ ಕೇಳಿದೆ.

"ಒಬ್ಬರು ನಿಮಗೆ ನೂರು ಕೊಡ್ಬೇಕು. ನೀವು ಅವರಿಗೆ ಹತ್ತು ಕೊಡ್ಬೇಕು. ಏನ್ಮಾಡ್ತೀರಿ?"

"ಹತ್ತು ಮುರ್ಕೊಂಡು ತೊಂಬತ್ತು ಕೊಡಿ ಅಂತೀನಿ."

ಹೇಳಿ ಮುಗಿಸಿ ಹಾಗೇ ಕೂತರು. ಆಮೇಲೆ ನನ್ನನ್ನು ಕೇಳದೆ ಫೋನ್ ಎತ್ತಿಕೊಂಡು ಟೈಪ್ ಮಾಡಿದರು. ನನ್ನ ದುಡ್ಡು ನಿಮ್ಮ ಹತ್ತಿರ ಇದೆಯಲ್ಲ, ವಿಮೆಯ ಹಣ ಅದರಲ್ಲೇ ಮುರಿದುಕೊಂಡು ಉಳಿದದ್ದು ಕೊಡಿ. ಮೊದಲ ಉತ್ತರ, ನಿಯಮದಲ್ಲಿ ಅವಕಾಶ ಇಲ್ಲ ಸರ್. ಎರಡನೆಯದರಲ್ಲಿ 'ಸರ್' ಇರಲಿಲ್ಲ. ಐದು ನಿಮಿಷ ಕಳೆಯುವಷ್ಟರಲ್ಲಿ ಅವರ ಫೋನಿನಲ್ಲಿರುವ ನೆಂಟರ ಹೆಸರುಗಳ ಪಟ್ಟಿ, ಕೊನೆಗೆ ರಕ್ತಸಿಕ್ತ ದೇಹದ ಒಂದು ಚಿತ್ರ. ಅವರು ಫೋನನ್ನು ಬೋರಲು ಮಲಗಿಸಿದರು. ಕೈ ನಡುಗುತ್ತಿತ್ತು.

ಇದನ್ನು ಹೇಳಿದಾಗ ನನ್ನ ಸಹೋದ್ಯೋಗಿಯೊಬ್ಬರು ಬೈದರು. ಸಲಹೆಗಾರ್ತಿ ಪತ್ತೇದಾರಿ ಕೆಲಸ ಮಾಡಬಾರದು ಅಂದರು. ಅರ್ಧ ಒಪ್ಪುತ್ತೇನೆ. ಆ ಚಿತ್ರ ನನ್ನ ಕೋಣೆಯಲ್ಲೇ ಅವರ ಕಣ್ಣಿಗೆ ಬಿತ್ತು, ಅದರ ಹೊಣೆ ನನ್ನದೇ. ಈಗ ಯಾರಾದರೂ ಬಂದರೆ ಅದೇ ವಾಕ್ಯವನ್ನು ಕಾಗದದ ಮೇಲೆ ಬರೆಸುತ್ತೇನೆ, ಕಳಿಸಲು ಬಿಡೋದಿಲ್ಲ. ಆದರೆ ಪ್ರಶ್ನೆ ಕೇಳಿದ್ದು ತಪ್ಪು ಅಂತ ಒಪ್ಪಲಾರೆ. ಮೋಸದ ಲಕ್ಷಣಗಳ ಪಟ್ಟಿ ಎಲ್ಲರ ಫೋನಿನಲ್ಲೂ ಬಂದು ಬಿದ್ದಿರುತ್ತದೆ. ಇವರೂ ಓದಿದ್ದರು. ಓದಿ, ತನ್ನ ಏಜೆಂಟ್ ಅಂಥವನಲ್ಲ ಅಂದುಕೊಂಡಿದ್ದರು. 'ಮುರಿದುಕೊಳ್ಳಿ' ಅನ್ನುವ ಒಂದು ಮಾತು ಆ ಪಟ್ಟಿಗಿಂತ ಜಾಸ್ತಿ ಕೆಲಸ ಮಾಡಿತು, ಏಕೆಂದರೆ ಅದು ಅವರ ಬಾಯಿಂದಲೇ ಬಂತು. ಕೊಡಬೇಕಾದ ಹಣ ನಿಜವಾಗಿ ಕೈಯಲ್ಲಿರುವವನಿಗೆ ಮುರಿದುಕೊಳ್ಳಲು ಏನು ಕಷ್ಟ?

ಅವತ್ತು ಹೇಳಿದ ಸಲಹೆ ಇಷ್ಟು. ಉತ್ತರ ಕೊಡಬೇಡಿ. ಬೆದರಿಕೆಗೆ ಒಂದು ಕಾಸೂ ಕೊಡಬೇಡಿ, ಕೊಟ್ಟವರ ಹತ್ತಿರ ಮತ್ತೆ ಬರುತ್ತಾರೆ. ಅಂಥ ಚಿತ್ರಗಳು ಎಲ್ಲಿಂದಲೋ ಎತ್ತಿದ್ದು, ಎಲ್ಲರಿಗೂ ಅದನ್ನೇ ಕಳಿಸುತ್ತಾರೆ. ನೆಂಟರ ಪಟ್ಟಿ ಬಂದದ್ದು, ಪರಿಶೀಲನೆಗೆ ಅಂತ ಅವನು ಹಾಕಿಸಿದ್ದ ಒಂದು ಆ್ಯಪ್‌ನಿಂದ. ಅದನ್ನು ತೆಗೆಸಿ, ಪಾಸ್‌ವರ್ಡ್‌ಗಳನ್ನು ಬದಲಿಸಿದೆವು. ಬ್ಯಾಂಕಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಹಿಂದಿನ ದಿನ ಕಳಿಸಿದ್ದು ಇನ್ನೂ ಕೈಗೆ ಸಿಗಬಹುದು, ತಿಂಗಳ ಹಿಂದಿನದು ಕಷ್ಟ. ನಂತರ ಪೊಲೀಸ್ ದೂರು.

ಮೆಸೇಜ್ ಅಳಿಸಬೇಡಿ ಅಂದದ್ದಕ್ಕೆ ಅವರ ಅಣ್ಣನಿಗೆ ನನ್ನ ಮೇಲೆ ಸಿಟ್ಟಿತ್ತು. ನೋಡಿ ನೋಡಿ ಕೊರಗ್ತಾನೆ, ಅಳಿಸಿಬಿಡಲಿ ಅಂದರು. ಆದರೆ ಪೊಲೀಸರಿಗೆ ತೋರಿಸಲು ಇರುವುದು ಅದೊಂದೇ. ಖಾತೆಯ ಹೆಸರು, ಹಣ ಹೋದ ಸಮಯ, ಅವನ ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಅಣ್ಣನ ಫೋನಿಗೇ ಕಳಿಸಿ, ಆಮೇಲೆ ಬ್ಲಾಕ್ ಮಾಡಿದೆವು. ಇವರು ಖಾಸಗಿ ಫೋಟೊ ಕೊಟ್ಟಿರಲಿಲ್ಲ, ಪುಣ್ಯ. ಕೊಟ್ಟವರಿಗೆ ಸ್ಟಾಪ್‌ಎನ್‌ಸಿಐಐ ಅನ್ನುವ ಉಚಿತ ತಾಣವೊಂದಿದೆ, 2021ರಿಂದ. ಫೋಟೊವನ್ನು ಎಲ್ಲಿಗೂ ಕಳಿಸಬೇಕಿಲ್ಲ. ನಿಮ್ಮ ಫೋನಿನಲ್ಲೇ ಅದರ ಬೆರಳಚ್ಚಿನಂಥ ಒಂದು ಕೋಡ್ ತಯಾರಾಗಿ, ಕೈಜೋಡಿಸಿರುವ ಜಾಲತಾಣಗಳಿಗೆ ಹೋಗುತ್ತದೆ. ಅದೇ ಚಿತ್ರ ಅಲ್ಲಿ ಬಂದರೆ ಅವು ತಡೆಯಬಹುದು. ಅದು 18 ದಾಟಿದವರಿಗೆ. ಚಿಕ್ಕವರಿಗೆ ಟೇಕ್ ಇಟ್ ಡೌನ್ ಅನ್ನುವ ಇಂಥದ್ದೇ ತಾಣ ಇದೆ.

ವಿಡಿಯೋ ಕಾಲ್‌ನಲ್ಲಿ ಮುಖ ನೋಡಿದ್ದೇನೆ, ಹಾಗಾಗಿ ನಿಜ ಅನ್ನುವವರು ಇತ್ತೀಚೆಗೆ ಜಾಸ್ತಿಯಾಗಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್ ಪೊಲೀಸರು ಹಿಡಿದ ತಂಡವೊಂದು ಡೀಪ್‌ಫೇಕ್ ಮುಖ, ಅಂದರೆ ಕಂಪ್ಯೂಟರ್ ಸೃಷ್ಟಿಸಿದ ನಕಲಿ ಮುಖ ಹಾಕಿಕೊಂಡು ವಿಡಿಯೋ ಕಾಲ್‌ನಲ್ಲೇ ಪ್ರೀತಿ ಮಾಡುತ್ತಿತ್ತು. ಮುಖ ಕಂಡದ್ದು ಈಗ ಸಾಕ್ಷಿಯಲ್ಲ.

ಹೊರಡುವ ಮುಂಚೆ ಕೇಳಿದರು, "ಒಂದೇ ಒಂದು ಮೆಸೇಜ್ ಹಾಕ್ಲಾ? ಹೋಗ್ತಿದ್ದೀನಿ ಅಂತ?" ಬೇಡ ಅಂದೆ. ಕಟುವಾಗಿ ಕೇಳಿಸಿರಬಹುದು. ಕೊನೆಯ ಮಾತು ಆಡಲು ಹೋದವರನ್ನು ಇನ್ನೊಂದು ವಾರ ಎಳೆದಾಡಿದ್ದನ್ನು ಕಂಡಿದ್ದೇನೆ.

ಆಮೇಲಿನ ವಾರ ಇನ್ನೂ ಕಷ್ಟದ ಪ್ರಶ್ನೆ ಬಂತು. "ಅವನೂ ಪಾಪ ಎಲ್ಲೋ ಸಿಕ್ಕಿಹಾಕಿಕೊಂಡಿರಬಹುದಾ?" ಎಲ್ಲೋ ಓದಿದ್ದರು. ಸುಳ್ಳಲ್ಲ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮಂದಿ, ಕಾಂಬೋಡಿಯಾದಲ್ಲಿ ಸುಮಾರು 1,00,000 ಮಂದಿ ಬಲವಂತಕ್ಕೆ ಸಿಕ್ಕಿ ಇಂಥ ಆನ್‌ಲೈನ್ ಮೋಸದ ಕೆಲಸ ಮಾಡುತ್ತಿರಬಹುದು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರ ಆಗಸ್ಟ್‌ನಲ್ಲಿ ಹೇಳಿತ್ತು. ಇದನ್ನು ನಾನಾಗಿ ಎತ್ತುತ್ತಿರಲಿಲ್ಲ. ಕರುಣೆ ಹುಟ್ಟಿದರೆ ಹಣ ಮತ್ತೆ ಹೋಗುತ್ತದೆ ಅನ್ನುವ ಭಯ. ಆದರೆ ಕೇಳಿದವರಿಗೆ ಸುಳ್ಳು ಹೇಳೋದು ಹೇಗೆ? "ಇರಬಹುದು" ಅಂದೆ. "ಆದ್ರೆ ನಿಮ್ಮ ದುಡ್ಡು ಅವನ ಕೈಗೆ ಹೋಗಲ್ಲ. ಅವನನ್ನ ಕೂರಿಸಿದವನ ಕೈಗೆ ಹೋಗುತ್ತೆ." ತಲೆಯಾಡಿಸಿದರು. ಆ ದಿನ ಸ್ವಲ್ಪ ಅತ್ತರು, ಅವನಿಗಾಗಿಯೋ ತನಗಾಗಿಯೋ ಕೇಳಲಿಲ್ಲ.

ಒಂಬತ್ತು ಗಂಟೆಗೆ ಕೈ ತಾನಾಗಿ ಫೋನಿನ ಕಡೆ ಹೋಗುವುದು ಇನ್ನೂ ನಿಂತಿಲ್ಲ. ಅಣ್ಣ ಆ ಹೊತ್ತಿಗೆ ಫೋನ್ ಮಾಡುತ್ತಾರೆ, ಮಾತಾಡೋದಕ್ಕೆ ಏನೂ ಇರೋದಿಲ್ಲವಂತೆ. "ಎರಡು ನಿಮಿಷ ಇಬ್ಬರೂ ಟಿವಿ ಸದ್ದು ಕೇಳಿಸ್ಕೊಂಡು ಇಡ್ತೀವಿ" ಅಂದರು.

ಹೋದ ತಿಂಗಳು ಅವರಿಂದ ಒಂದು ಸ್ಕ್ರೀನ್‌ಶಾಟ್ ಬಂತು. ಮೋಸ ಹೋದ ಹಣ ವಾಪಸ್ ಕೊಡಿಸುವ ಏಜೆಂಟ್ ಅಂತ ಹೊಸಬನೊಬ್ಬ ಬಂದಿದ್ದ. ಇದು ಬಂದೇ ಬರುತ್ತದೆ ಅಂತ ಮೊದಲೇ ಹೇಳಿದ್ದೆ. ಒಮ್ಮೆ ಕೊಟ್ಟವರ ನಂಬರ್ ಪಟ್ಟಿಗಳಲ್ಲಿ ಕೈಯಿಂದ ಕೈಗೆ ಮಾರಾಟವಾಗುತ್ತದೆ. ನಿಮ್ಮ ಪೂರ್ತಿ ಮೊತ್ತ ಪತ್ತೆಯಾಗಿದೆ ಸರ್, ವಕೀಲರ ಫೀಸು ಮುಂಗಡ ಕಟ್ಟಿದರೆ ನಾಳೆಯೇ ಬಿಡುಗಡೆ. ಕೆಳಗೆ ಇವರ ಉತ್ತರ: "ಫೀಸು ಅದರಲ್ಲೇ ಮುರಿದುಕೊಳ್ಳಿ."

ಉತ್ತರ ಕೊಡಬೇಡಿ ಅಂದಿದ್ದೆ ಅಲ್ವಾ ಅಂತ ಫೋನ್ ಮಾಡಿ ಗದರಿಸಿದೆ.

"ಸಾರಿ ಮೇಡಂ" ಅಂದರು, ನಗು ತಡೆದುಕೊಂಡು. "ಎರಡೇ ನಿಮಿಷ. ಅವನೇ ನನ್ನನ್ನ ಬ್ಲಾಕ್ ಮಾಡ್ದ."