ಮಿನಿಯ ಫೈಬರ್ ಬಾನೆಟ್‌ಗೆ ಮಧ್ಯದ ಲಾಕ್ ಒಂದೇ ಸಾಲದು

ಹಳೇ ಮಿನಿ ಕಾರಿಗೆ ಫೈಬರ್‌ಗ್ಲಾಸ್ ಬಾನೆಟ್ ಹಾಕಿದ್ದೀರಿ, ಮಧ್ಯದ ಮೂಲ ಲಾಕ್ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಅದೊಂದನ್ನೇ ನಂಬಿ ಹೆದ್ದಾರಿಗೆ ಇಳಿಯಬೇಡಿ. ಮಿನಿಯ ಬಾನೆಟ್ ತೆರೆದುಕೊಳ್ಳುವುದು ಮುಂದಿನಿಂದ, ಗಾಳಿಗೆ ಎದುರಾಗಿ. ಫೈಬರ್ ತಗಡಿಗಿಂತ ಸುಲಭವಾಗಿ ಬಾಗುತ್ತದೆ. ವೇಗದಲ್ಲಿ ಮುಂದಿನ ಮೂಲೆಗಳು ಏಳುತ್ತವೆ, ಲಾಕಿನ ಸುತ್ತ ಬಿರುಕು ಬಿಡುತ್ತದೆ, ಕೊನೆಗೆ ಬಾನೆಟ್ ಎಗರಿ ಮುಂಗಾಜಿಗೆ ಬಡಿಯಬಹುದು.

ಮುಂದಿನ ಎರಡೂ ಮೂಲೆಗೆ ಬಾನೆಟ್ ಪಿನ್ ಹಾಕಿ; ಇದು ಬಾನೆಟ್ಟಿನ ತೂತಿನಿಂದ ಮೇಲೆ ಬರುವ ಕಡ್ಡಿ, ಅದಕ್ಕೆ ಅಡ್ಡಲಾಗಿ ಕ್ಲಿಪ್ ತೂರಿಸಿದರೆ ಬಾನೆಟ್ ಏಳುವುದಿಲ್ಲ. ಹಿಂಬದಿಯ ಹಿಂಜ್ ತೆಗೆದಿದ್ದರೆ ನಾಲ್ಕು ಬೇಕು. ಪಿನ್ನನ್ನು ಕೆಳಗಿನ ತಗಡಿಗೆ ಎರಡೂ ಬದಿ ನಟ್, ಅಗಲ ವಾಷರ್ ಕೊಟ್ಟು ಬಿಗಿಯಿರಿ. ತುದಿಗೆ ಬಣ್ಣ ಹಚ್ಚಿ ಬಾನೆಟ್ ಮೆಲ್ಲಗೆ ಇಳಿಸಿದರೆ ತೂತಿನ ಜಾಗ ಒಳಗೆ ಗುರುತಾಗುತ್ತದೆ. ಅಲ್ಲಿಂದ 3 ಮಿ.ಮೀ. ತೂತು ಕೊರೆದು, ಹೊರಗಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಹೊರಗಿನಿಂದಲೇ ನಿಧಾನವಾಗಿ ದೊಡ್ಡದು ಮಾಡಿ. ಒಳಗಿನಿಂದ ಒತ್ತಿದರೆ ಮೇಲಿನ ನುಣುಪು ಪದರ, ಅಂದರೆ ಜೆಲ್‌ಕೋಟ್, ಚಕ್ಕೆ ಏಳುತ್ತದೆ. ಮೂಗಿಗೆ ಮಾಸ್ಕ್ ಇರಲಿ. ಹಿಂಜ್ ಉಳಿಸಿಕೊಂಡಿದ್ದರೆ ಬಾನೆಟ್ ಕಮಾನಿನಂತೆ ಇಳಿಯುವುದರಿಂದ ತೂತು ಹಿಂದುಮುಂದಾಗಿ ಕೊಂಚ ಉದ್ದ ಬೇಕು.

ಬಹಳ ಜನ ಬಿಡುವುದು ಒಳಗಿನ ಆಸರೆಯನ್ನು. ತೂತಿನ ಸುತ್ತ ಅಂಗೈಯಗಲದ 2 ಮಿ.ಮೀ. ಅಲ್ಯೂಮಿನಿಯಂ ಪಟ್ಟಿಯನ್ನು, ಎರಡೂ ಮೈ ಉಜ್ಜಿ, ಎಪಾಕ್ಸಿಯಿಂದ ಅಂಟಿಸಿ. ಫೈಬರ್ ಕೆಲಸಕ್ಕೆ ಬಳಸುವ ಪಾಲಿಯೆಸ್ಟರ್ ರೆಸಿನ್ ಅಲ್ಯೂಮಿನಿಯಂ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಪಿನ್ನಿನ ಎತ್ತರ ಎಷ್ಟಿರಬೇಕೆಂದರೆ, ಕ್ಲಿಪ್ ಬೆರಳಲ್ಲೇ ತೂರಬೇಕು, ಬಾನೆಟ್ ಅಲುಗಬಾರದು. ಕೆಳಗೆಳೆದು ಬಿಗಿದರೆ ನಕ್ಷತ್ರದಂತೆ ಬಿರುಕು ಬರುತ್ತದೆ. ಕ್ಲಿಪ್ ಕಳೆಯದಂತೆ ಸಣ್ಣ ತಂತಿ ಕಟ್ಟಿ.