ಸೂಪರ್‌ವೈಸರ್ ಪೋಸ್ಟೋ, ಯೂನಿಯನ್ ಫಾರ್ಮೋ?

ಪ್ರಶ್ನೆ: ನನಗೆ 31 ವರ್ಷ. ಆಲೂರು ಕಡೆಯ ಹಳ್ಳಿಯವಳು. ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ಆರು ವರ್ಷದಿಂದ ಟೈಲರ್. ಎಂಟು ಗಂಟೆ ಮುಗಿದ ಮೇಲೂ ಟಾರ್ಗೆಟ್ ಆಗಿಲ್ಲ ಅಂತ ದಿನಾ ಅರ್ಧ ಗಂಟೆ ಕೂರಿಸುತ್ತಾರೆ. ಅದಕ್ಕೆ ಓಟಿ ಇಲ್ಲ. ನಮ್ಮ ಲೈನಿನ ಗೆಳತಿ ಯೂನಿಯನ್ ಸೇರೋಣ ಅಂತ ಫಾರ್ಮ್ ತಂದಳು. ಅದೇ ವಾರ ಮ್ಯಾನೇಜರ್ ಕರೆದು, ನಿನಗೆ ಸೂಪರ್‌ವೈಸರ್ ಪೋಸ್ಟ್ ಕೊಡ್ತೀವಿ ಅಂದರು. "ಯೂನಿಯನ್ ಎಲ್ಲ ಹಳೇ ಕಾಲದ್ದು, ಈಗ ಪಿಎಫ್, ಇಎಸ್‌ಐ ಎಲ್ಲ ಕಾನೂನೇ ಕೊಡುತ್ತೆ" ಅಂತಲೂ ಹೇಳಿದರು. ಆಟೋ ಓಡಿಸುವ ನಮ್ಮ ಯಜಮಾನರು "ಸಾಲದ ಕಂತಿದೆ, ಸುಮ್ನಿರು" ಅಂತಾರೆ. ನಾನು ಇನ್ನೂ ಸಹಿ ಹಾಕಿಲ್ಲ ಅಂತ ಗೆಳತಿ ಮಾತು ಬಿಟ್ಟಿದ್ದಾಳೆ. ಈ ಕಾಲಕ್ಕೂ ಯೂನಿಯನ್ ಬೇಕಾ ಅಕ್ಕಾ?
(ಹೆಸರು ಬೇಡ, ಹಾಸನ)

ಉತ್ತರ: ಮ್ಯಾನೇಜರ್ ಹೇಳಿದ್ದು ಅರ್ಧ ನಿಜ ತಂಗಿ. ಪಿಎಫ್ ಇದೆ, ಇಎಸ್‌ಐ ಇದೆ. ವಾರಕ್ಕೆ 48 ಗಂಟೆ ಮೀರಿ ದುಡಿಸಿಕೊಂಡರೆ ಎರಡು ಪಟ್ಟು ಕೂಲಿ ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಈಗಿನ ಹೊಸ ಕಾನೂನಿನಲ್ಲೂ ಎರಡು ಪಟ್ಟೇ. ಹಾಗಿದ್ದರೆ ನಿಮ್ಮ ವಾರದ ಮೂರು ಗಂಟೆಯ ದುಡ್ಡು ಎಲ್ಲಿ ಹೋಯಿತು? ಕಾನೂನು ಇದೆ, ಕೇಳುವವರಿಲ್ಲ. ನೀವೊಬ್ಬರೇ ಕೇಳಿದರೆ ಏನಾಗುತ್ತೆ ಅಂತ ನಿಮಗೇ ಚೆನ್ನಾಗಿ ಗೊತ್ತು. ಮರುದಿನವೇ ನಿಮಗೆ ಬರದ ಹೊಲಿಗೆ ಕೆಲಸಕ್ಕೆ ಹಾಕ್ತಾರೆ, ಹೊಲಿದ ಪ್ರತಿ ಪೀಸ್‌ನಲ್ಲೂ ತಪ್ಪು ಹುಡುಕ್ತಾರೆ. ನೂರಾರು ಜನರ ಪರವಾಗಿ ಕಾಗದ ಹೋದರೆ, ಅದರ ಪ್ರತಿ ಕಾರ್ಮಿಕ ಇಲಾಖೆಗೂ ತಲುಪಿದರೆ, ಆಗ ಯಾರಿಗೆ ಅಂತ ಹೀಗೆ ಮಾಡ್ತಾರೆ?

ಪೋಸ್ಟಿನ ವಿಷಯದಲ್ಲಿ ನನಗೆ ಅನುಮಾನ ಜಾಸ್ತಿ. ಆರು ವರ್ಷ ಕಾಣದ ನಿಮ್ಮ ಕೆಲಸ ಫಾರ್ಮ್ ಬಂದ ವಾರವೇ ಕಣ್ಣಿಗೆ ಬಿತ್ತಾ? ಬಡ್ತಿಗೆ ನೀವು ಯೋಗ್ಯರೇ ಇರಬಹುದು, ಅದು ಬೇರೆ ಮಾತು. ಆದರೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಏನು ಹೇಳುತ್ತೆ ಅಂತ ತಿಳಿದಿರಲಿ. ಮೇಲ್ವಿಚಾರಣೆ ಕೆಲಸ ಮಾಡುತ್ತಾ ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಸಂಬಳ ತೆಗೆದುಕೊಳ್ಳುವವರನ್ನು ಕಾರ್ಮಿಕರು ಅಂತ ಲೆಕ್ಕ ಹಿಡಿಯುವುದಿಲ್ಲ. ನಾಳೆ ಕೆಲಸದಿಂದ ತೆಗೆದರೆ, ಟೈಲರ್ ಆಗಿದ್ದಾಗ ಇದ್ದ ರಕ್ಷಣೆ ಆಗ ಸಿಗುವುದಿಲ್ಲ. ಇನ್ನೊಂದು, ಆ ಅರ್ಧ ಗಂಟೆ ನಿಮ್ಮ ಗೆಳತಿಯನ್ನು ಕೂರಿಸಬೇಕಾದವರೂ ಆಗ ನೀವೇ.

ಯೂನಿಯನ್ ಇಲ್ಲದೆಯೂ ಗೆಲ್ಲಬಹುದಲ್ವಾ ಅಂತ ಯಾರಾದರೂ ಕೇಳಿಯಾರು. ಗೆದ್ದದ್ದುಂಟು. ಪಿಎಫ್‌ನಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದಿತ್ತು. ಆ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ಹೊಸೂರು ರಸ್ತೆಗೆ ಇಳಿದರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. 19ರಂದೇ ಸರ್ಕಾರ ನಿಯಮ ವಾಪಸ್ ತಗೊಂಡಿತು. ನನಗೆ ಇವತ್ತಿಗೂ ಅದು ರೋಮಾಂಚನ. ಆದರೆ ಓಟಿ ಲೆಕ್ಕ, ಬಾಯಿಗೆ ಬಂದ ಹಾಗೆ ಬೈಯುವುದು, ರಜಾ ಕೇಳಿದರೆ ಮುಖ ಸಿಂಡರಿಸುವುದು, ಇವಕ್ಕೆಲ್ಲ ದಿನಾ ರಸ್ತೆಗೆ ಇಳಿಯೋಕಾಗುತ್ತಾ? ಬೆನ್ನು ಹತ್ತಿ ಕೇಳುತ್ತಲೇ ಇರುವವರು ಬೇಕು. ಹಾಗಾಗಿ ಬೇಕು ಅಂತಲೇ ನನ್ನ ಉತ್ತರ.

ಹಾಗಂತ ಗೆಳತಿ ತಂದಳು ಅಂತ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಚಂದಾ ಎತ್ತಿ ಲೆಕ್ಕ ಕೊಡದ ಮುಖಂಡರೂ ಇದ್ದಾರೆ, ಮ್ಯಾನೇಜ್‌ಮೆಂಟ್ ಜೊತೆ ಒಳಗೊಳಗೇ ರಾಜಿ ಆಗುವವರೂ ಇದ್ದಾರೆ. ನೋಂದಣಿ ಆಗಿದೆಯಾ ಕೇಳಿ. ನೋಂದಾಯಿತ ಯೂನಿಯನ್ ಪ್ರತಿ ವರ್ಷ ರಿಜಿಸ್ಟ್ರಾರ್‌ಗೆ ಲೆಕ್ಕ ಒಪ್ಪಿಸಲೇಬೇಕು, ಅದನ್ನು ತೋರಿಸಿ ಅನ್ನಿ. ಲೈನಿನಲ್ಲಿ ಕೂರುವ ಹೆಂಗಸರು ಕಮಿಟಿಯಲ್ಲಿ ಎಷ್ಟು ಜನ ಇದ್ದಾರೆ? ಎಲ್ಲರೂ ಹೊರಗಿನ ಗಂಡಸರೇ ಆದರೆ ಸ್ವಲ್ಪ ಯೋಚಿಸಿ.

ಯಜಮಾನರ ಹೆದರಿಕೆ ಸುಳ್ಳಲ್ಲ. ಕಂತು ತಪ್ಪಿದರೆ ಮನೆ ಬಾಗಿಲಿಗೆ ಯಾರು ಬರ್ತಾರೆ ಅಂತ ಅವರಿಗೆ ಗೊತ್ತು. ಯೂನಿಯನ್ ಸೇರಿದ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಆದರೆ ಬೇರೆ ನೆಪ ಹುಡುಕುವುದು ಯಾರಿಗೂ ಕಷ್ಟವಲ್ಲ. ಅದಕ್ಕೇ ಸಂಬಳ ಚೀಟಿಗಳನ್ನೆಲ್ಲ ಜೋಪಾನ ಮಾಡಿ. ಜಾಸ್ತಿ ಕೂತ ದಿನ, ಹೊತ್ತು ಒಂದು ಪುಸ್ತಕದಲ್ಲಿ ಬರೆದಿಡಿ. ಖಾಲಿ ಹಾಳೆಗೆ ಮಾತ್ರ ಯಾರು ಕೇಳಿದರೂ ಸಹಿ ಬೇಡ. ಅಂದ ಹಾಗೆ, ನಿಮ್ಮ ಯಜಮಾನರು ಆಟೋ ಚಾಲಕರ ಸಂಘದಲ್ಲಿ ಇದ್ದಾರಾ? ಇದ್ದರೆ, ಅದರಲ್ಲಿ ಯಾಕಿದ್ದೀರಿ ಅಂತ ಒಂದ್ಸಲ ಕೇಳಿ ನೋಡಿ. ಜಗಳಕ್ಕಲ್ಲ, ಸುಮ್ನೆ.

ಮ್ಯಾನೇಜರ್‌ಗೆ ಈಗಲೇ ಹೂಂ ಅನ್ನಬೇಡಿ. ಸಂಬಳ ಎಷ್ಟು, ಕೆಲಸ ಏನು ಅಂತ ಕಾಗದದಲ್ಲಿ ಬರೆದುಕೊಡಿ ಅನ್ನಿ. ಅದು ಕೈಗೆ ಬರುವುದರೊಳಗೆ ಗೆಳತಿ ಹತ್ತಿರ ನೀವೇ ಹೋಗಿ, ಪೋಸ್ಟಿನ ವಿಷಯ ನಿಮ್ಮ ಬಾಯಿಂದಲೇ ಹೇಳಿ. ಅವಳ ಮುನಿಸಿಗೆ ಫಾರ್ಮ್ ಕಾರಣವೋ, ಪೋಸ್ಟ್ ಸುದ್ದಿ ಬೇರೆಯವರಿಂದ ಕಿವಿಗೆ ಬಿದ್ದಿದ್ದು ಕಾರಣವೋ, ಆಗ ಗೊತ್ತಾಗುತ್ತೆ.