ಮಳೆಪುಸ್ತಕದಲ್ಲಿ ಸಿಕ್ಕ ತಪ್ಪು

ವಿರಾಜಪೇಟೆ ಕಡೆಯ ಹುಡುಗ, ಒಂಬತ್ತನೇ ತರಗತಿ. ತಂದೆತಾಯಿ ನನ್ನ ಬಳಿ ಸಲಹೆಗೆ ಕರೆತಂದಿದ್ದರು. ಗುರುತು ಸಿಗದಂತೆ ವಿವರ ಬದಲಿಸಿದೆ. ಗಣಿತ ಪರೀಕ್ಷೆಯ ದಿನ ತಪ್ಪದೆ ಹೊಟ್ಟೆನೋವು. ಉಳಿದ ವಿಷಯಗಳಲ್ಲಿ ತಕರಾರಿಲ್ಲ.

"ತೋಟ ನೋಡಿಕೊಳ್ಳುವವನಿಗೆ ಇಷ್ಟೆಲ್ಲ ಲೆಕ್ಕ ಯಾಕೆ ಮೇಡಂ? ಪಾಸಾದರೆ ಸಾಕು" ಎಂದರು ತಂದೆ. "ನನಗೂ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ, ನನ್ನ ಹಾಗೇ ಇವನು" ಎಂದರು ತಾಯಿ. ಹುಡುಗ ತಲೆ ಎತ್ತಲಿಲ್ಲ.

ಮನೆಯ ಕಾಫಿ ತೋಟದಲ್ಲಿ ಬಿದ್ದ ಮಳೆಯ ಲೆಕ್ಕವಿಡುವ ಮಳೆಪುಸ್ತಕ ಬರೆಯುವವನು ಅವನೇ ಎಂದು ಮಾತಿನ ನಡುವೆ ಗೊತ್ತಾಯಿತು. ಮುಂದಿನ ಭೇಟಿಗೆ ಅದನ್ನೇ ತರಿಸಿದ್ದಾಯಿತು. ಇಲ್ಲಿನ ತೋಟಗಳಲ್ಲಿ ಮಳೆಯ ಅಳತೆ ಇಂಚು, ಸೆಂಟಿನಲ್ಲಿ. 100 ಸೆಂಟಿಗೆ 1 ಇಂಚು. ಒಂದು ಹೂಮಳೆಗೆ (ಕಾಫಿ ಹೂ ಅರಳಿಸುವ ಮಳೆ) ಎಡಗಡೆ '1 ಇಂಚು 5 ಸೆಂಟ್' ಎಂದಿತ್ತು. ಒಟ್ಟು ಕೂಡುವ ಬಲಗಡೆ ಅದೇ 1.5 ಆಗಿತ್ತು. ಆಗಬೇಕಾದ್ದು 1.05. ಸುಮಾರು 26.7 ಮಿಲಿಮೀಟರ್ ಮಳೆ ಪುಸ್ತಕದಲ್ಲಿ 38.1 ಆಗಿ ಕೂತಿತ್ತು. ಹತ್ತಕ್ಕಿಂತ ಕಡಿಮೆ ಸೆಂಟ್ ಇದ್ದ ಕಡೆಯೆಲ್ಲ ಇದೇ ತಪ್ಪು, ಬೇರೆ ಕಡೆ ಒಂದೂ ಇಲ್ಲ. ತಲೆ ಇಲ್ಲದವನ ತಪ್ಪು ಹೀಗೆ ಒಂದೇ ಜಾಗದಲ್ಲಿ ಬೀಳುವುದಿಲ್ಲ.

ಕೆಳ ತರಗತಿಯಲ್ಲಿ ಕಲಿಯಬೇಕಾದ ದಶಮಾಂಶದ ಸ್ಥಾನಬೆಲೆ ಅವನಲ್ಲಿ ಕೂತಿರಲಿಲ್ಲ. ಅದರ ಮೇಲೆ ಕಟ್ಟಿದ ಶೇಕಡಾ, ಬಡ್ಡಿ, ಅನುಪಾತ ಎಲ್ಲವೂ ಅಲುಗಾಡುತ್ತಿದ್ದವು. ಅದರ ಜೊತೆಗೆ ಭಯ. ಲೆಕ್ಕದ ನಡುವಿನ ಅಂಕಿಗಳನ್ನು ಹಿಡಿದಿಟ್ಟುಕೊಳ್ಳಬೇಕಾದ ತಾತ್ಕಾಲಿಕ ನೆನಪನ್ನೇ ಆತಂಕ ಆಕ್ರಮಿಸುತ್ತದೆ; ಹಾಗಾಗಿ ಗೊತ್ತಿದ್ದ ಲೆಕ್ಕವೂ ಪರೀಕ್ಷೆಯಲ್ಲಿ ಕೈಕೊಡುತ್ತದೆ.

ಹುಡುಗನಿಗೆ ದಿನಕ್ಕೆ 20 ನಿಮಿಷ, ಅದಕ್ಕಿಂತ ಹೆಚ್ಚು ಬೇಡ ಎಂದು ಹೇಳಲಾಯಿತು. ಚೌಕುಳಿ ಹಾಳೆಯಲ್ಲಿ 10×10ರ ಚೌಕ. 5 ಮನೆ ಬಣ್ಣ ಹಚ್ಚಿದರೆ 0.05, 50 ಹಚ್ಚಿದರೆ 0.5. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಆಮೇಲೆ ಮಳೆಪುಸ್ತಕದ ಮೊತ್ತವನ್ನು ಅವನೇ ತಿದ್ದಬೇಕು. ತಪ್ಪಾದ ಲೆಕ್ಕ ಅಳಿಸಬಾರದು. ಜಾರಿದ ಹೆಜ್ಜೆಗೆ ವೃತ್ತ ಹಾಕಿ ಪಕ್ಕದಲ್ಲೇ ಸರಿ ಮಾಡಬೇಕು.

ತಂದೆಗೆ ಉತ್ತರ ಕೊಟ್ಟದ್ದು ರೊಬಸ್ಟಾ ಚೆರ್ರಿಯೇ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು. 50 ಕಿಲೋ ಚೀಲದಿಂದ 26 ಕಿಲೋ ಬೀಜ ಬಂದರೆ ಔಟ್‌ಟರ್ನ್, ಅಂದರೆ ಓಟಿ, 26. ಒಂದು ಓಟಿಗೆ 200 ರೂಪಾಯಿ ಎಂದಿಟ್ಟುಕೊಂಡರೆ ಚೀಲಕ್ಕೆ 5,200. ವ್ಯಾಪಾರಿ 25 ಎಂದು ಹಿಡಿದರೆ 40 ಚೀಲಕ್ಕೆ 8,000 ರೂಪಾಯಿ ಹೋಯಿತು. ಮಾದರಿ ತೂಗಿ ಆ ಒಂದು ಅಂಕಿಯನ್ನು ಪ್ರಶ್ನಿಸಲು ಬೇಕಾದ್ದು ಶಾಲೆಯ ಶೇಕಡಾ ಪಾಠವೇ. ತಂದೆ ಒಪ್ಪಿದರು. ಇನ್ನು ಮುಂದೆ ಬಿಲ್ಲನ್ನು ಮೊದಲು ಮಗ ಲೆಕ್ಕ ಹಾಕಲಿ, ತಪ್ಪಿದರೆ ಆಳುಗಳ ಮುಂದೆ ಬೈಯಬೇಡಿ ಎಂದು ತಿಳಿಸಿದೆ. ತಾಯಿಗೆ ಒಂದೇ ಮಾತು: 'ನನ್ನ ಹಾಗೇ ಇವನು' ಎನ್ನುವುದನ್ನು ಅವನ ಕಿವಿಗೆ ಬೀಳದಂತೆ ನಿಲ್ಲಿಸಿ. ಮೂರು ತಿಂಗಳ ಅಭ್ಯಾಸದ ಮೇಲೂ ಅಂಕಿಗಳ ಗೊಂದಲ ಹಾಗೇ ಉಳಿದರೆ ಡಿಸ್ಕಾಲ್ಕುಲಿಯಾ (ಅಂಕಿ, ಲೆಕ್ಕ ಕಲಿಯುವಲ್ಲಿನ ನ್ಯೂನತೆ) ಪರೀಕ್ಷೆಗೆ ಮನಶ್ಶಾಸ್ತ್ರಜ್ಞರ ಬಳಿ ಕಳಿಸಬೇಕೆಂದೂ ಹೇಳಿದೆ.

ಆರನೇ ವಾರ ಅವನಿಗೊಂದು ಲೆಕ್ಕ ಕೊಟ್ಟೆವು: 20% ತೇವದ 100 ಕಿಲೋ ಚೆರ್ರಿ 10%ಗೆ ಒಣಗಿದರೆ ತೂಕ ಎಷ್ಟು? "90" ಎಂದ. ತಡೆದು, "ಅಲ್ಲ, ಒಣಪದಾರ್ಥ 80 ಕಿಲೋ ಹಾಗೇ ಇರುತ್ತೆ, ಈಗ ಅದು 90 ಪಾಲು" ಎನ್ನುತ್ತ 80ನ್ನು 0.9ರಿಂದ ಭಾಗಿಸಿ 88.9 ಬರೆದ. 90ಕ್ಕೆ ವೃತ್ತ ಹಾಕಿದ, ಅಳಿಸಲಿಲ್ಲ. ರೇಖಾಗಣಿತದ ಪ್ರಮೇಯಗಳ ಭಯ ಇನ್ನೂ ಇದೆ. ಮುಂದಿನ ಭೇಟಿ ಅದಕ್ಕೆ.